ಹಿರಿಯರ ಸಾಲಿನಲ್ಲಿ ಒಂದು ಕೆಂಪು ಲಂಗ

ರಾಯಚೂರು
೬ ಅಕ್ಟೋಬರ್ ೨೦೨೪

ದೇವದುರ್ಗದ ಹಿರಿಯರಾದ ಬೂದೆಪ್ಪನವರಿಗೆ ಅನ್ನಪೂರ್ಣ ಮಾಡುವ ಶರಣು.

ನೀವು ನನ್ನನ್ನು ಬಲ್ಲವರಲ್ಲ. ನಾನು ರಾಯಚೂರು–ದೇವದುರ್ಗ ಸರ್ಕಾರಿ ಬಸ್ಸಿನ ಕಂಡಕ್ಟರ್. ನಿಮ್ಮ ಸೊಸೆ ದುರ್ಗಾದೇವಿಯವರಿಗೆ ನನ್ನ ಮುಖ ಗೊತ್ತು. ನಿಮಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಕಾಗದ ಬರೆದರೆ ಕನ್ನಡಕ ಹಾಕಿಕೊಂಡು ಓದುತ್ತೀರಿ ಎಂದು ವಿಳಾಸ ಕೊಟ್ಟವರು ಅವರೇ. ಅದಕ್ಕಾಗಿ ಅವರನ್ನು ಬೈಯಬೇಡಿ. ನನ್ನ ಬಸ್ಸು ಹತ್ತಿದವರು ಊರು, ಮನೆತನ, ಬೀಗರು ಎಲ್ಲ ಹೇಳದೆ ಇಳಿದದ್ದು ಕಡಿಮೆ.

ಮಾನಮಿ ಅಮಾವಾಸ್ಯೆಯ ಹಿಂದಿನ ದಿನ. ಗಬ್ಬೂರು ದಾಟಿದ ಮೇಲೆ ಬಸ್ಸು ಸ್ವಲ್ಪ ಖಾಲಿಯಾಯಿತು. ನಿಮ್ಮ ಸೊಸೆ ಮುಂದಿನ ಸೀಟಿನಲ್ಲಿ ಕುಳಿತು, ಹಿರಿಯರ ಎಡೆಗೆ ಇಡಲು ಕೊಂಡ ಹೊಸ ಬಟ್ಟೆಗಳನ್ನು ತೊಡೆಯ ಮೇಲೆ ಹರವಿ ನೋಡುತ್ತಿದ್ದರು. ಧೋತರ, ಸೀರೆ, ಅವುಗಳ ನಡುವೆ ನಾಲ್ಕು ವರ್ಷದ ಹುಡುಗಿಗೆ ಆಗುವಂಥ ಒಂದು ಕೆಂಪು ಲಂಗ.

"ಮನ್ಯಾಗ ಸಣ್ಣ ಹುಡುಗಿ ಅದಾಳೇನ್ರೀ?" ಎಂದು ಕೇಳಿದೆ.

"ಇಲ್ರೀ. ಅದೂ ಹಿರೇರಿಗೇ."

"ಲಂಗ ಉಡೋ ಹಿರೇರು ಯಾರ್ರೀ?" ಎಂದು ನಕ್ಕೆ. ಅವರು ನಗಲಿಲ್ಲ.

"ನಮ್ಮ ಮಾವನ ತಂಗಿ, ತಿಮ್ಮಿ ಅಂತ. ರಜಾಕಾರರ ಗದ್ದಲದಾಗ ಎಲ್ಲರೂ ತುಂಗಭದ್ರಾ ದಾಟಾಕ ಹೋದಾಗ ಹರಗೋಲು ಮುಗುಚಿ ಹೊಳಿ ಪಾಲಾದಳಂತ. ವರ್ಷಾ ಆಕಿಗೊಂದು ಲಂಗ ಇಟ್ಟು ಎಡಿ ಹಿಡೀತೀವಿ."

ಅಂದು ನಾನು ಮುಂದಿನ ಸ್ಟಾಪಿನಲ್ಲಿ ಹತ್ತಿದವರಿಗೆ ಟಿಕೆಟ್ ಕೊಡುವುದನ್ನೇ ಮರೆತೆ.

ನನ್ನ ತಾಯಿಯ ಹೆಸರು ತಿಮ್ಮವ್ವ. ಮಾನ್ವಿಯಲ್ಲಿದ್ದಾಳೆ. ವಯಸ್ಸು ಎಂಬತ್ತರ ಆಸುಪಾಸು. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿದೆ, ಆದರೆ ಅವಳ ಓಣಿಯ ಮುದುಕಿಯರೆಲ್ಲ ಹುಟ್ಟಿದ್ದು ಅಂದೇ. ಅದೇ ಗದ್ದಲದ ವರ್ಷ ಹೊಳೆಯ ದಂಡೆಯಲ್ಲಿ ಒಬ್ಬಳೇ ನಿಂತು ಅಳುತ್ತಿದ್ದ ಅವಳನ್ನು ಗುಂಜಹಳ್ಳಿಯ ಪಾರ್ವತೆಮ್ಮ ಎತ್ತಿಕೊಂಡು ಬಂದು ಸಾಕಿದಳು. ಹೆಸರು ಕೇಳಿದರೆ ತಿಮ್ಮಿ ಎಂದಳಂತೆ. ಊರು ಯಾವುದು ಎಂದರೆ "ನಮ್ಮ ಮನಿ" ಎಂದಳಂತೆ. ಪಾರ್ವತೆಮ್ಮ ಮತ್ತು ಅವಳ ಗಂಡ ರಾಮಣ್ಣ ಮಕ್ಕಳಿಲ್ಲದವರು. ಸ್ವಂತ ಮಗಳ ಹಾಗೆ ಬೆಳೆಸಿ ಮಾನ್ವಿಗೆ ಮದುವೆ ಮಾಡಿಕೊಟ್ಟರು. ಅವರಿಬ್ಬರೂ ತೀರಿಕೊಂಡ ಮೇಲೆ ಗುಂಜಹಳ್ಳಿಯ ಬಾಗಿಲೂ ಮುಚ್ಚಿತು.

ಹೋದ ವರ್ಷದಿಂದ ನಾನು ಹುಡುಕದ ದಾಖಲೆಯಿಲ್ಲ. ನಿಜಾಮರ ಕಾಲದ ಪಹಣಿಗಳೆಲ್ಲ ಉರ್ದುವಿನಲ್ಲಿವೆ ಎಂದು, ನಿವೃತ್ತರಾಗಿ ಮನೆಯಲ್ಲಿದ್ದ ಉರ್ದು ಮಾಸ್ತರ ಇಮಾಮಹುಸೇನರನ್ನು ಗಂಟುಬಿದ್ದು ಕಚೇರಿಗೆ ಕರೆದೊಯ್ದೆ. ರಾಮಣ್ಣ ಸಿಕ್ಕ, ಅವನ ಅಪ್ಪ ಸಿಕ್ಕ, ಬದುವಿನ ಮೇಲಿದ್ದ ಬೇವಿನ ಮರಗಳೂ ಸಿಕ್ಕವು. ಇಮಾಮಹುಸೇನರು ಕನ್ನಡಕ ತೆಗೆದು, "ಗಿಡಾ ಬರದಾರ ಬೇಟಿ, ಹೆಣ್ಮಕ್ಕಳನ್ನ ಬರದಿಲ್ಲ" ಎಂದರು.

ಈ ವಯಸ್ಸಿನಲ್ಲಿ ತವರು ಯಾಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಹೆಣ್ಣುಮಕ್ಕಳು ಸತ್ತರೆ ಮೈಮೇಲೆ ಮೊದಲು ಹೊದಿಸುವುದು ತವರಿನಿಂದ ಬಂದ ಸೀರೆ. ನಿಮ್ಮಲ್ಲೂ ಹಾಗೇ ಇರಬೇಕು. ಓಣಿಯಲ್ಲಿ ಯಾರಾದರೂ ತೀರಿಕೊಂಡಾಗಲೆಲ್ಲ ನನ್ನ ಅಪ್ಪನ ಅಣ್ಣತಮ್ಮಂದಿರ ಹೆಂಡಿರು, ಅವ್ವನ ನೆಗೆಣ್ಣಿಯರು, "ನಿನಗ ಯಾರು ತರ್ತಾರ ಬೇ?" ಎಂದು ಕೇಳುತ್ತ ಬಂದಿದ್ದಾರೆ. ಅವರಲ್ಲಿ ಕಿರಿಯಳು ಹೋದ ವರ್ಷ ಹೋದಳು. ಅವಳ ತವರಿನವರು ಹಸಿರು ಸೀರೆ ತಂದರು. ಮಣ್ಣು ಮಾಡಿ ಬಂದ ಮೇಲೆ ಅವ್ವ ಉಣ್ಣಲಿಲ್ಲ. ಮರುದಿನ ನನ್ನನ್ನು ಕೂರಿಸಿಕೊಂಡು, "ನಾ ಸತ್ತಾಗ ನೀನ ಒಂದು ಸೀರಿ ತಂದು, ತವರಿಂದ ಬಂತು ಅಂತ ಸುಳ್ಳು ಹೇಳಿಬಿಡು" ಎಂದಳು.

ಆ ಸುಳ್ಳನ್ನು ನಾನು ಹೇಳುವವಳಲ್ಲ. ಅದಕ್ಕೇ ಈ ಕಾಗದ.

ಇಂತಿ,
ಅನ್ನಪೂರ್ಣ


ದೇವದುರ್ಗ
೨೧ ಅಕ್ಟೋಬರ್ ೨೦೨೪

ಶ್ರೀಮತಿ ಅನ್ನಪೂರ್ಣ ಅವರಿಗೆ ನಮಸ್ಕಾರ.

ನಾನು ಬೂದೆಪ್ಪನವರ ಮಗ ಅಂಬರೇಶ. ನಮ್ಮ ಟಪಾಲು ನನ್ನ ಗೊಬ್ಬರದ ಅಂಗಡಿಗೆ ಬರುತ್ತದೆ, ನಿಮ್ಮ ಕಾಗದವನ್ನು ನಾನೇ ಒಡೆದು ಓದಿದೆ. ತಂದೆಯವರಿಗೆ ತೋರಿಸಿಲ್ಲ. ಅವರಿಗೀಗ ಎಂಬತ್ತನಾಲ್ಕು. ಆ ತಂಗಿಯ ಮಾತು ಬಂದರೆ ಎರಡು ದಿನ ಯಾರ ಜೊತೆಯೂ ಮಾತಾಡುವುದಿಲ್ಲ.

ನೇರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೆಣ್ಣುಮಕ್ಕಳಿಗೂ ಹಿರಿಯರ ಆಸ್ತಿಯಲ್ಲಿ ಪಾಲು ಎಂದು ಕಾನೂನು ಬಂದ ಮೇಲೆ, ನಮ್ಮ ಕಡೆ ಮರೆತುಹೋದ ಅತ್ತೆಯರು ಎಲ್ಲೆಲ್ಲಿಂದಲೋ ಎದ್ದು ಬರುತ್ತಿದ್ದಾರೆ. ನಮ್ಮ ಹೊಲಕ್ಕೆ ಕಾಲುವೆ ನೀರು ಬಂದಿದೆ ಎಂಬುದು ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಗೊತ್ತು. ನನ್ನ ಅಜ್ಜನ ವಂಶಾವಳಿ ನಾಡಕಚೇರಿಯಲ್ಲಿ ಆಗಿದೆ. ಮಕ್ಕಳು ಇಬ್ಬರು. ಬೂದೆಪ್ಪ, ಹಯಾತ್, ಅಂದರೆ ಜೀವಂತ. ತಿಮ್ಮವ್ವ, ಮೃತ. ತಿಮ್ಮವ್ವ ಎಂಬ ಹೆಸರಿನವರು ನಮ್ಮ ಸೀಮೆಯಲ್ಲಿ ಓಣಿಗೆ ನಾಲ್ವರಿದ್ದಾರೆ.

ಆದರೂ ನಿಮ್ಮ ತಾಯಿಯ ಮಾತು ಓದಿ ನನ್ನ ಹೆಂಡತಿ ಅತ್ತಳು, ಅದಕ್ಕಾಗಿ ಒಂದು ದಾರಿ ಹೇಳುತ್ತೇನೆ. ಡಿಎನ್ಎ ಪರೀಕ್ಷೆ ಆಗಲಿ. ಅದಕ್ಕೂ ಮೊದಲು, ಮುಂದೆ ಯಾವ ಪಾಲನ್ನೂ ಕೇಳುವುದಿಲ್ಲ ಎಂದು ನಿಮ್ಮ ತಾಯಿ ಬಾಂಡ್ ಪೇಪರಿನ ಮೇಲೆ ಬರೆದುಕೊಡಲಿ. ಆಮೇಲೆ ತಂದೆಯವರಿಗೆ ವಿಷಯ ತಿಳಿಸುವುದನ್ನು ನೋಡೋಣ.

ನಿಮ್ಮ ವಿಶ್ವಾಸಿ,
ಅಂಬರೇಶ


ರಾಯಚೂರು
೩ ನವೆಂಬರ್ ೨೦೨೪

ಅಂಬರೇಶ ಅವರಿಗೆ ಅನ್ನಪೂರ್ಣಳ ನಮಸ್ಕಾರ.

ದೀಪಾವಳಿಗೆ ಮಾನ್ವಿಗೆ ಹೋಗಿದ್ದೆ. ನಿಮ್ಮ ಕಾಗದವನ್ನು ಅವ್ವನಿಗೆ ಒಂದು ಅಕ್ಷರ ಬಿಡದೆ ಓದಿ ಹೇಳಿದೆ. ಬಾಂಡಿಗೆ ನಾನು ಒಪ್ಪಿದ್ದೆ ಎಂಬುದು ನಿಮಗೆ ತಿಳಿದಿರಲಿ. ನಿಮ್ಮ ಹೊಲದ ಒಂದು ಹೆಂಟೆಯೂ ನಮಗೆ ಬೇಡ, ಬರೆದುಕೊಟ್ಟು ಬಿಡೋಣ ಎಂದೆ. ಒಪ್ಪದವಳು ಅವಳೇ.

"ಬರಕೊಟ್ಟು ತಗೊಂಡಿದ್ದು ತವರಾಗಂಗಿಲ್ಲ, ಸೊಸೈಟಿ ಆಗ್ತದ. ಕಾರ್ಡ್ ತೋರಿಸಿ ಅಕ್ಕಿ ತಗೊಂಡಂಗ. ನನಗ ಅಂಥಾದ್ದು ಬ್ಯಾಡ" ಎಂದಳು.

ಡಿಎನ್ಎ ಎಂದರೆ ಉಗುಳು ಕೊಡುವುದು ಎಂದು ವಿವರಿಸಿದೆ. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ನಾನು ಬರೆಯಬಾರದು, ಆದರೂ ಬರೆಯುತ್ತೇನೆ. "ಉಗುಳಬೇಕಂದ್ರ ನಾನ ದೇವದುರ್ಗಕ್ಕ ಬಂದು ಉಗುಳಿ ಬರ್ತೀನಂತ ಹೇಳು."

ಅವಳು ಹೀಗೆಯೇ. ಬೆಳೆಸಿದ ಪಾರ್ವತೆಮ್ಮನೂ ಹೀಗೇ ಇದ್ದಳಂತೆ, ಅಲ್ಲಿಂದ ಬಂದದ್ದೋ ನಿಮ್ಮ ಮನೆಯಿಂದ ಬಂದದ್ದೋ ದೇವರಿಗೇ ಗೊತ್ತು.

ಅವಳಿಗೆ ನೆನಪಿರುವುದನ್ನು ನಿಮ್ಮ ತಂದೆಯವರಿಗೆ ತಲುಪಿಸಿ, ಬೇರೆ ಏನನ್ನೂ ಕೇಳುವುದಿಲ್ಲ. ಅಪ್ಪನ ಮುಖ ನೆನಪಿಲ್ಲ, ಅವ್ವನ ಮುಖವೂ ಇಲ್ಲ. ನೆನಪಿರುವುದು ಒಬ್ಬ ಅಕ್ಕ. ಉದ್ದ ಜಡೆ, ಮೂಗಿನಲ್ಲಿ ನತ್ತು. ದಿನವಿಡೀ ಇವಳನ್ನು ಟೊಂಕದ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಳಂತೆ. ಓಣಿಯ ಹುಡುಗರು ಇವಳನ್ನು ಅಳಿಸಿದರೆ ಆ ಅಕ್ಕ ಲಂಗ ಎತ್ತಿ ಕಟ್ಟಿ ಅವರನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಿದ್ದಳಂತೆ. ಇಷ್ಟು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಎಂಬತ್ತರ ಮುದುಕಿ ಯಾರದೋ ಟೊಂಕದ ಮೇಲೆ ಕುಳಿತ ಹಾಗೆ ಕಾಲು ಆಡಿಸುತ್ತಿದ್ದಳು.

ಇಂತಿ,
ಅನ್ನಪೂರ್ಣ


ದೇವದುರ್ಗ
೨೫ ನವೆಂಬರ್ ೨೦೨೪

ಶ್ರೀಮತಿ ಅನ್ನಪೂರ್ಣ ಅವರಿಗೆ ನಮಸ್ಕಾರ.

ನಿಮ್ಮ ಕಾಗದದಿಂದಲೇ ವಿಷಯ ಮುಗಿಯಿತು. ನನ್ನ ತಂದೆಗೆ ಅಕ್ಕ ಇರಲಿಲ್ಲ. ಅವರೇ ಹಿರಿಯರು. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದವು, ಅವೂ ಗಂಡುಮಕ್ಕಳು. ನೆರೆಹೊರೆಯ ಎರಡು ಹಳೆಯ ಮನೆಗಳಲ್ಲಿ ಕೂಡ ವಿಚಾರಿಸಿದೆ. ನತ್ತು ಹಾಕಿದ ಅಕ್ಕ ಎಂಬವಳು ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ.

ನಿಮ್ಮ ತಾಯಿ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಸುಳ್ಳು ಹೇಳುವವರಾಗಿದ್ದರೆ ನಮ್ಮ ಮನೆಗೆ ಹೊಂದುವ ಸುಳ್ಳನ್ನೇ ಹೇಳುತ್ತಿದ್ದರು. ಅವರ ತವರು ಬೇರೆ ಎಲ್ಲೋ ಇದೆ. ಆ ಗದ್ದಲದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ನಮ್ಮದೊಂದೇ ಅಲ್ಲ. ನಿಮಗೆ ಬೇಗ ಸಿಗಲಿ.

ನಿಮ್ಮ ವಿಶ್ವಾಸಿ,
ಅಂಬರೇಶ


ರಾಯಚೂರು
೧೨ ಜನವರಿ ೨೦೨೫

ಅಂಬರೇಶ ಅವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಬರೆಯುವ ಮನಸ್ಸಿರಲಿಲ್ಲ. ನಿಮ್ಮ ಕಾಗದ ಮುಟ್ಟಿದ ಮೇಲೆ ದೇವದುರ್ಗದ ರೂಟು ಬಿಡಿಸಿಕೊಂಡು ಲಿಂಗಸುಗೂರಿನ ಕಡೆ ಹಾಕಿಸಿಕೊಂಡೆ. ನಿಮ್ಮ ಊರಿನ ಸ್ಟ್ಯಾಂಡಿನಲ್ಲಿ ಇಳಿಯುವವರ ಮುಖ ನೋಡುವುದೇ ನನಗೆ ಕಷ್ಟವಾಗಿತ್ತು.

ನನ್ನ ಆಸೆ ಎಷ್ಟು ಕೆಟ್ಟದ್ದು ಎಂದರೆ, ನಾನು ಅವ್ವನನ್ನೇ ಬದಲಿಸಲು ನೋಡಿದೆ. "ಆಕಿ ಅಕ್ಕ ಇರಲಿಕ್ಕಿಲ್ಲ ಯವ್ವಾ, ಬಾಜೂ ಮನಿ ಹುಡುಗಿ ಇರಬೇಕು. ಅಷ್ಟು ಸಣ್ಣಾಕಿಗೆ ಏನು ಗೊತ್ತಾಗ್ತದ? ಹಂಗಂತ ಬರೀಲೇನು?" ಎಂದು ಕೇಳಿದೆ. ಹಾಗೆ ಬರೆದಿದ್ದರೆ ಎಲ್ಲ ಹೊಂದುತ್ತಿತ್ತು.

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಕೆಳಗಿಟ್ಟು, "ತವರು ಬಿಡ್ತೀನಿ, ಅಕ್ಕನ್ನ ಬಿಡಂಗಿಲ್ಲ" ಎಂದಳು. ಮತ್ತೆ ಮೊರ ಎತ್ತಿಕೊಂಡಳು. ಆಮೇಲೆ ತಾನೇ ಒಬ್ಬಳೇ ನಗತೊಡಗಿದಳು. ಏನಾಯಿತು ಎಂದರೆ ಹೇಳಲು ನಾಚಿಕೆ. ಬಿಡದೆ ಕೇಳಿದೆ.

"ನಮ್ಮಕ್ಕ ನಿಂತ ಉಚ್ಚಿ ಹೊಯ್ತಿದ್ದಳು. ತಿಪ್ಪಿ ಮ್ಯಾಲ ನಿಂತು ದೂರಕ್ಕ. ನಾನೂ ಹಂಗ ಮಾಡಾಕ ಹೋಗಿ ಲಂಗೆಲ್ಲ ತೊಯಿಸಿಕೊಂಡು ಅವ್ವನ ಕಡಿಂದ ಹೊಡಿಸಿಕೊಂಡೆ."

ನಾನೂ ನಕ್ಕೆ. ಎಷ್ಟೋ ದಿನಗಳ ಮೇಲೆ ನಮ್ಮಿಬ್ಬರ ನಡುವೆ ನಗು ಬಂದದ್ದು ಆ ಅಕ್ಕನಿಂದ. ಎಲ್ಲಿದ್ದರೂ ಆಕೆ ಚೆನ್ನಾಗಿರಲಿ.

ಇದನ್ನು ನಿಮಗೆ ಬರೆಯಬೇಕಾಗಿರಲಿಲ್ಲ. ನೀವು ಕೊನೆಯ ಕಾಗದದಲ್ಲಿ ಅವ್ವನನ್ನು ಸುಳ್ಳಿ ಎನ್ನಲಿಲ್ಲ, ಅದಕ್ಕೆ ಬರೆದೆ. ಇನ್ನು ತೊಂದರೆ ಕೊಡುವುದಿಲ್ಲ. ದುರ್ಗಾದೇವಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಅನ್ನಪೂರ್ಣ


ದೇವದುರ್ಗ
೯ ಫೆಬ್ರುವರಿ ೨೦೨೫

ಮಾನ್ವಿಯ ತಿಮ್ಮವ್ವಗೆ ಬೂದೆಪ್ಪನ ಆಶೀರ್ವಾದ.

ನನ್ನ ಶಾಲೆ ಉರ್ದುವಿನಲ್ಲಿ ನಾಲ್ಕನೆಯ ಇಯತ್ತೆಗೆ ನಿಂತಿತು. ಕನ್ನಡ ಆಮೇಲೆ ನಾನೇ ಕಲಿತದ್ದು. ಕೈಯೂ ನಡುಗುತ್ತದೆ. ನಿನ್ನ ಮಗಳು ನಿಧಾನವಾಗಿ ಓದಿ ಹೇಳಲಿ.

ಮೊನ್ನೆ ಅಂಬರೇಶ ಮಾರ್ಕೆಟ್ಟಿಗೆ ಹೋದಾಗ ಸೊಸೆ ದುರ್ಗಾ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಕಾಗದಗಳನ್ನೆಲ್ಲ ತಂದು ನನ್ನ ಮುಂದೆ ಇಟ್ಟಳು. ಮೊದಲನೆಯದನ್ನು ಓದಿದೆ, ನಂಬಲಿಲ್ಲ. ಎರಡನೆಯದನ್ನು ಓದಿದೆ, ಮತ್ತೆ ಮೊದಲಿನಿಂದ ಓದಿದೆ. ಕೊನೆಯದರಲ್ಲಿ ತಿಪ್ಪೆಯ ಮೇಲೆ ನಿಂತ ಮಾತು ಬಂತು. ನಾನು ಎಷ್ಟು ನಕ್ಕೆ ಎಂದರೆ ದುರ್ಗಾ ಹೆದರಿ ನೀರು ತಂದಳು. ನೀರು ಕುಡಿದ ಮೇಲೆ ಅಳು ಬಂತು. ಅದು ನಿಲ್ಲಲಿಲ್ಲ.

ತಿಮ್ಮಿ, ಆ ಅಕ್ಕ ನಾನು.

ನನಗಿಂತ ಮೊದಲು ಮೂರು ಗಂಡು ಹುಟ್ಟಿ ಸತ್ತಿದ್ದವು. ನಾನು ಹುಟ್ಟಿದ ದಿನ ಅವ್ವ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಬೂದಿ ಹಚ್ಚಿ, ಬೂದೆಪ್ಪ ಎಂದು ಹೆಸರಿಟ್ಟಳು. ಅಷ್ಟಕ್ಕೂ ಅವಳಿಗೆ ಧೈರ್ಯ ಬರಲಿಲ್ಲ. ಮೂಗು ಚುಚ್ಚಿಸಿ ನತ್ತು ಹಾಕಿದಳು, ಜಡೆ ಬಿಟ್ಟಳು, ಲಂಗ ಉಡಿಸಿದಳು. ಸಾವು ಗಂಡುಮಗನನ್ನು ಹುಡುಕಿಕೊಂಡು ಬಂದರೆ, ಈ ಮನೆಯಲ್ಲಿರುವುದು ಹೆಣ್ಣು ಎಂದು ತಿಳಿದು ಮುಂದಿನ ಮನೆಗೆ ಹೋಗಲಿ ಎಂದು. ನಿನಗೆ ಮಾತು ಬಂದಾಗ ಅಕ್ಕ ಎಂದೇ ಕಲಿಸಿದಳು. ಒಮ್ಮೆ ನೀನು ಯಾರದೋ ಮಾತು ಕೇಳಿ ಅಣ್ಣ ಎಂದಿದ್ದಕ್ಕೆ ನಿನ್ನ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡು ಹೋದಳು.

ಹೊಳೆ ದಾಟುವಾಗ ಅಪ್ಪ ನನ್ನನ್ನೂ ಅವ್ವನನ್ನೂ ಮೊದಲ ಹರಗೋಲಿನಲ್ಲಿ ದಾಟಿಸಿದ. ನಿನ್ನನ್ನು ನೆರೆಮನೆಯವರ ಜೊತೆ ಎರಡನೆಯದರಲ್ಲಿ ಕೂರಿಸಿದ್ದ. ಅದು ನಡುಹೊಳೆಯಲ್ಲಿ ಮುಗುಚಿತು. ಯಾರೋ ನೀರಿನಲ್ಲಿ ಕೆಂಪು ಲಂಗ ಕಂಡೆವು ಎಂದರು. ಅಪ್ಪ ದಂಡೆಯ ಮೇಲೆ ಹೆಸರು ಕೂಗುತ್ತ ತಿರುಗಿದ, ಗಂಟಲು ಹೋಯಿತು, ನೀನು ಕೆಳಗೆ ಯಾವ ದಂಡೆ ಸೇರಿದ್ದೆಯೋ, ಸಿಗಲಿಲ್ಲ. ಊರಿಗೆ ಮರಳಿದ ಮೇಲೆ ಅವ್ವ ನನ್ನ ಜಡೆ ಕತ್ತರಿಸಿದಳು. ಆ ವರ್ಷದ ಅಮಾವಾಸ್ಯೆಗೆ ಹೊಸ ಬಟ್ಟೆ ತರುವ ಗತಿ ಇರಲಿಲ್ಲ. ನನ್ನ ಲಂಗವನ್ನೇ ಒಗೆದು ಮಡಚಿ ನಿನ್ನ ಎಡೆಗೆ ಇಟ್ಟರು.

ಆ ಲಂಗದ ಕಾಲದ ಮಾತನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಗಂಡಸಿಗೆ ನಾಚಿಕೆ. ಮೂಗಿನ ತೂತು ಇನ್ನೂ ಇದೆ, ಮಕ್ಕಳು ಅದನ್ನು ಮೈಲಿ ಬೇನೆಯ ಕಲೆ ಎಂದುಕೊಂಡಿದ್ದಾರೆ. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅಂಬರೇಶನನ್ನು ಹತ್ತಿರ ಕರೆದು ಅದರೊಳಗೆ ಪೊರಕೆ ಕಡ್ಡಿ ತೂರಿಸಿ ತೋರಿಸಿದೆ. ಮೊನ್ನೆಯವರೆಗೆ ಈ ಗುರುತನ್ನು ಬಲ್ಲವರು ಭೂಮಿಯ ಮೇಲೆ ಇಬ್ಬರೇ, ನಾನು ಮತ್ತು ನೀನು.

ಒಂದು ಹೆದರಿಕೆ ಇದೆ. ಬದುಕಿದ್ದವಳಿಗೆ ಇಷ್ಟು ವರ್ಷ ಸತ್ತವರ ಎಡೆ ಹಿಡಿದುಬಿಟ್ಟೆವು. ಅದರಿಂದ ನಿನಗೆ ಏನಾದರೂ ಕೆಡುಕಾಗಿದ್ದರೆ ನನ್ನನ್ನು ಬೈ.

ಯುಗಾದಿ ಆದ ಮೇಲೆ ಬರುತ್ತೇನೆ.

ಇಂತಿ ನಿನ್ನ ಅಕ್ಕನಾಗಿದ್ದ ಅಣ್ಣ,
ಬೂದೆಪ್ಪ


ರಾಯಚೂರು
೧೪ ಏಪ್ರಿಲ್ ೨೦೨೫

ದುರ್ಗಾ ಅಕ್ಕನಿಗೆ ಅನ್ನಪೂರ್ಣ ಮಾಡುವ ಶರಣು.

ಎಲ್ಲ ಹೊಂದಿಸಿಕೊಟ್ಟವರು ನೀವು, ಬರದೆ ಉಳಿದವರೂ ನೀವೇ. ಆ ಎಮ್ಮೆಗೆ ಈಯಲು ಬೇರೆ ದಿನ ಸಿಗಲಿಲ್ಲವೇ? ಫೋನಿನಲ್ಲಿ ಅರ್ಧ ಹೇಳಿದೆ, ಉಳಿದರ್ಧ ನಿಮ್ಮ ಕಡೆಯ ಗಂಡಸರು ಸರಿಯಾಗಿ ಹೇಳಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕ್ರೂಸರ್ ಗಾಡಿ ಓಣಿಯ ಬಾಯಿಗೆ ನಿಂತಾಗ ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ. ಮಾವ ಕೋಲು ಊರಿಕೊಂಡು ಇಳಿದರು. ಬೋಳುತಲೆ, ಬಿಳಿ ಮೀಸೆ. ಅವ್ವ ಎದ್ದು ಹತ್ತಿರ ಹೋದಳು. ಕಾಲಿಗೆ ಬೀಳಲಿಲ್ಲ, ಅಳಲೂ ಇಲ್ಲ. ತೋರುಬೆರಳಿನಿಂದ ಅವರ ಮೂಗನ್ನು ಮುಟ್ಟಿ ನೋಡಿದಳು. ತೂತು ಸಿಕ್ಕಿತು. ಬೆರಳನ್ನು ಅಲ್ಲೇ ಇಟ್ಟುಕೊಂಡು, "ಅಕ್ಕಾ, ನಿನ್ನ ಜಡಿ ಎಲ್ಲಿ ಹೋತು?" ಎಂದಳು.

ಮಾವನಿಗೆ ಕೇಳಿಸಲಿಲ್ಲ. ಅವ್ವ ಇನ್ನೂ ಗಟ್ಟಿಯಾಗಿ ಕೇಳಿದಳು. ಆಗಲೂ ಕೇಳಿಸಲಿಲ್ಲ. ಮೂರನೆಯ ಸಲ ಕೂಗಿದ್ದು ಅಕ್ಕಿ ಮಿಲ್ಲಿನವರೆಗೂ ಕೇಳಿಸಿರಬೇಕು. ಇಡೀ ಓಣಿ ಬಾಗಿಲಿಗೆ ಬಂದು, ಮೀಸೆ ಹೊತ್ತ ಮುದುಕನನ್ನು ಅಕ್ಕಾ ಎಂದು ಕರೆಯುವ ನನ್ನ ಅವ್ವನನ್ನು ನೋಡುತ್ತ ನಿಂತಿತು. ಮಾವ ತಲೆ ಸವರಿಕೊಂಡು, "ನೀ ಹೋದ ವರ್ಷನ ಕತ್ತರಿಸಿದ್ರು" ಎಂದರು. ಅಷ್ಟೇ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ನಾನು ಅಳಬಾರದೆಂದು ಗಾಡಿಯಿಂದ ಬುಟ್ಟಿ ಇಳಿಸಲು ಹೋದೆ, ಅಲ್ಲಿ ನಿಮ್ಮ ಯಜಮಾನರು ಬುಟ್ಟಿಯ ಹಿಂದೆ ಮುಖ ಮರೆಸಿಕೊಂಡು ಅದೇ ಕೆಲಸ ಮಾಡುತ್ತಿದ್ದರು.

ಹೆದರಿಕೆಯ ವಿಷಯ ಬಂತು. ಎಡೆಯಿಂದ ಕೆಡುಕಾಯಿತೇ ಎಂದು ಮಾವ ಕೇಳಿದರು. ಅವ್ವ, "ಕೆಡಕಾ? ಎರಡೂ ಕಡೆ ಉಂಡಾಕಿ ನಾನು. ಅದಕ್ಕ ಹಿಂಗ ಗಟ್ಟಿ ಅದೀನಿ" ಎಂದಳು.

ಉಡಿ ತುಂಬುವ ಹೊತ್ತಿಗೆ ಗದ್ದಲವಾಯಿತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸ ಎಲ್ಲ ನೀವು ಜೋಡಿಸಿ ಕಳಿಸಿದ್ದಿರಿ, ತುಂಬುವ ಹೆಣ್ಣುಮಕ್ಕಳೇ ನಿಮ್ಮ ಕಡೆಯಿಂದ ಬಂದಿರಲಿಲ್ಲ. ಮಾವ ತಾವೇ ಮೊರ ಹಿಡಿದು ನಿಂತರು. ಹಿರಿಯ ನೆಗೆಣ್ಣಿ ಬಾಯಿ ಹಾಕಿದಳು. "ಗಂಡ ಇಲ್ಲದಾಕಿಗೆ ಎಂಥಾ ಉಡಿ? ಅದರಾಗ ಗಂಡಸು ಉಡಿ ತುಂಬ್ತಾನೇನು?"

ಅಂಬರೇಶ ಇದನ್ನು ಮಾವನ ಕಿವಿಯಲ್ಲಿ ಕೂಗಿ ಹೇಳಿದರು. ಮಾವ ಮೊರವನ್ನು ಕೆಳಗಿಡಲಿಲ್ಲ.

"ಉಡಿ ತವರಿಂದು, ಗಂಡಂದಲ್ಲ. ಇನ್ನ ಗಂಡಸಂತೀರಲ್ಲ, ಎಂಟು ವರ್ಷ ಲಂಗ ಉಟ್ಟಾಂವ ನಾ, ಈಕಿ ಅಕ್ಕ ಆಗಿದ್ದೆ. ಅಕ್ಕ ತಂಗೀಗೆ ಉಡಿ ತುಂಬಬಾರದೇನು?"

ನೆಗೆಣ್ಣಿ ಹಿಂದೆ ಸರಿದು ಜಾಗ ಬಿಟ್ಟಳು. ಅವಳು ಯಾರಿಗಾದರೂ ಜಾಗ ಬಿಟ್ಟದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಅವ್ವ ಸೆರಗು ಒಡ್ಡಿದಳು, ಮಾವ ತುಂಬಿದರು. ನಡುಗುವ ಕೈಯಿಂದ ಅಕ್ಕಿ ಅಂಗಳಕ್ಕೆಲ್ಲ ಚೆಲ್ಲಿತು, ಓಣಿಯ ಕೋಳಿಗಳಿಗೂ ಹಬ್ಬವಾಯಿತು.

ನೀವು ಕಳಿಸಿದ ತವರಿನ ಸೀರೆಯನ್ನು ನಾನು ಪೆಟ್ಟಿಗೆಯಲ್ಲಿ ಎತ್ತಿಡಲು ಹೋದೆ, ಆ ದಿನಕ್ಕೆ ಬೇಕಲ್ಲ ಎಂದು. ಅವ್ವ ಕಸಿದುಕೊಂಡು ಒಳಗೆ ಹೋಗಿ ಉಟ್ಟುಕೊಂಡೇ ಬಂದಳು. ಕಡುನೀಲಿ ಇಳಕಲ್ ಸೀರೆ, ಕೆಂಪು ಸೆರಗು. "ಸತ್ತ ಮ್ಯಾಲ ನಾ ನೋಡ್ತೀನೇನು ಹ್ಯಾಂಗ ಕಾಣಸ್ತದಂತ?" ಎಂದಳು. ನೀರು ತರುವ ನೆಪ ಮಾಡಿಕೊಂಡು ಓಣಿಯ ಆ ತುದಿಯವರೆಗೆ ನಡೆದು ಬಂದಳು. ನಮ್ಮ ಮನೆಗೆ ನಲ್ಲಿ ಬಂದು ಎಷ್ಟೋ ವರ್ಷವಾಯಿತು.

ಕೊನೆಗೆ ನಿಮ್ಮ ಯಜಮಾನರು ಒಂದು ಕಾಗದ ತೆಗೆದರು. ಬಾಂಡ್ ಬಂತು ಎಂದುಕೊಂಡೆ. ಅವ್ವನೂ ಹಾಗೇ ತಿಳಿದಳು. "ಸೀರಿ ಬಿಚ್ಚಿ ಕೊಡಲೇನು?" ಎಂದಳು.

"ಬಾಂಡ್ ಅಲ್ಲ ಅತ್ತಿ" ಎಂದರು ಅವರು. "ಅಜ್ಜನ ವಂಶಾವಳಿ ಹೊಸದಾಗಿ ಮಾಡಸಾಕ ಅರ್ಜಿ. ನಿನ್ನ ಹೆಸರಿನ ಮುಂದ ಮೃತ ಅಂತ ನಾನ ಬರಸಿದ್ದೆ. ತಗಸಬೇಕು. ಹೆಬ್ಬಟ್ಟು ಒತ್ತು."

ಅದನ್ನು ಬರೆಸಿದರೆ ನಾಳೆ ಏನೇನು ಕೇಳುವ ಹಕ್ಕು ಹುಟ್ಟುತ್ತದೆ ಎಂಬುದು ಅಂಬರೇಶರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿಳಿದೂ ತಂದಿದ್ದರು. ಅಕ್ಕ, ನಿಮ್ಮ ಗಂಡನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಈ ಮಾತನ್ನು ಅವರಿಗೆ ಹೇಳಬೇಡಿ, ಸ್ವಲ್ಪ ದಿನ ಹೆದರಿಕೊಂಡಿರಲಿ.

ನಾನು ದೇವದುರ್ಗದ ರೂಟನ್ನು ಮತ್ತೆ ಕೇಳಿ ಹಾಕಿಸಿಕೊಂಡಿದ್ದೇನೆ.

ಇಂತಿ ನಿಮ್ಮ,
ಅನ್ನಪೂರ್ಣ


ದೇವದುರ್ಗ
೨೩ ಸೆಪ್ಟೆಂಬರ್ ೨೦೨೫

ಚಿರಂಜೀವಿ ಅನ್ನಪೂರ್ಣಳಿಗೆ ಸೋದರಮಾವ ಬೂದೆಪ್ಪನ ಆಶೀರ್ವಾದ.

ಹಬ್ಬದ ಜನಕ್ಕೆ ಬಸ್ಸು ಹೆಚ್ಚು ಬಿಟ್ಟಿದ್ದಾರೆ, ರಜೆ ಸಿಗಲಿಲ್ಲ ಎಂದು ನೀನು ಬರಲಿಲ್ಲ. ನಿನ್ನ ಅವ್ವ ಅಮಾವಾಸ್ಯೆಗೆ ಮೂರು ದಿನ ಮೊದಲೇ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ದುರ್ಗಾ ಮಾಡಿದ ಹೂರಣ ಗಟ್ಟಿಯಾಯಿತು ಎಂದು ಮತ್ತೆ ರುಬ್ಬಿಸಿದಳು. ಅಂಬರೇಶನಿಗೆ ಬೆಲ್ಲ ಹೆಚ್ಚು ತರಲು ಹೇಳಿ ಎರಡು ಸಲ ಅಂಗಡಿಗೆ ಓಡಿಸಿದಳು. ಮನೆಯಲ್ಲಿ ಯಾರೂ ಅವಳಿಗೆ ಎದುರಾಡುವುದಿಲ್ಲ. ಹೊಸ ವಂಶಾವಳಿ ಬಂದಿದೆ. ತಿಮ್ಮವ್ವ, ಹಯಾತ್ ಎಂದು ಬರೆದು ಮೊಹರು ಒತ್ತಿದ್ದಾರೆ. ಅಂಬರೇಶ ಅದರ ಪ್ರತಿಯನ್ನು ನಿನಗೆ ಕಳಿಸುತ್ತಾನೆ.

ಅಮಾವಾಸ್ಯೆಯ ದಿನದ್ದನ್ನು ನಾನೇ ಬರೆಯಬೇಕು ಎಂದು ಕುಳಿತಿದ್ದೇನೆ.

ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿದೆವು. ಅಜ್ಜನಿಗೆ, ಅಪ್ಪನಿಗೆ, ಅವ್ವನಿಗೆ, ತೀರಿಕೊಂಡ ನನ್ನ ಹೆಂಡತಿಗೆ. ಪ್ರತಿಯೊಂದರ ಮುಂದೆ ಅವರವರ ಬಟ್ಟೆ. ಅಪ್ಪ ಅವ್ವನಿಗೆ ಈ ಸಲ ಎಡೆ ಹಿಡಿದವಳು ತಿಮ್ಮಿ. ಅವ್ವನ ಸೀರೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಳು. "ಯವ್ವಾ, ನಾ ಬಂದೀನಿ" ಎಂದಳಂತೆ. ನನಗೆ ತುಟಿ ಮಾತ್ರ ಕಂಡಿತು, ಆಮೇಲೆ ದುರ್ಗಾ ಹೇಳಿದಳು.

ಅವಳು ಏಳುವಾಗ ಸಾಲಿನ ತುದಿ ನೋಡಿದಳು. ಅಲ್ಲಿ ಇನ್ನೊಂದು ಎಲೆ ಇತ್ತು. ದುರ್ಗಾ ಈ ಮನೆಗೆ ಬಂದಾಗಿನಿಂದ ಹಾಕುತ್ತ ಬಂದ ಎಲೆ, ಕೈ ರೂಢಿಯಲ್ಲಿ ಹಾಕಿಬಿಟ್ಟಿದ್ದಳು. ಲಂಗ ತಂದಿರಲಿಲ್ಲ, ಎಲೆ ಮಾತ್ರ ಇತ್ತು, ಅದರ ಮೇಲೆ ಹೋಳಿಗೆ, ತುಪ್ಪ, ಕಟ್ಟಿನ ಸಾರು ಎಲ್ಲ ಬಡಿಸಿಯೂ ಆಗಿತ್ತು. ದುರ್ಗಾ ಅದನ್ನು ಕಂಡು ಬಾಯಿಗೆ ಕೈ ಹಚ್ಚಿಕೊಂಡಳು. ಬದುಕಿದವಳ ಕಣ್ಣೆದುರಿಗೇ ಅವಳ ಎಡೆ.

ತಿಮ್ಮಿ ಹತ್ತಿರ ಹೋಗಿ, "ಇದು ಯಾರದು?" ಎಂದು ಕೇಳಿದಳು. "ನಂದಾ?" ಎಂದಳು. ಆಮೇಲೆ ಸೀರೆ ಸಾವರಿಸಿಕೊಂಡು, ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ ಆ ಎಲೆಯ ಮುಂದೆ ಕುಳಿತಳು.

ಅಂಬರೇಶ ಓಡಿಬಂದ. "ಅತ್ತಿ, ಹಿರೇರ ಎಡಿಗೆ ಕೈ ಹಚ್ಚಬಾರದು."

ತಿಮ್ಮಿ ಕೊಟ್ಟ ಉತ್ತರ ನನಗೂ ಕೇಳಿಸಿತು, ಅಷ್ಟು ಗಟ್ಟಿಯಾಗಿ ಹೇಳಿದಳು. "ನಂದ ಎಡಿ. ನಾ ಉಣ್ಣಾಕ ಯಾರ ಅಪ್ಪಣಿ ಬೇಕು?"

ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟಳು. ಮನೆಯವರೆಲ್ಲ ನಿಂತು ನೋಡುತ್ತಿದ್ದೆವು. ನಮ್ಮ ಅವ್ವ ಕಣ್ಣೀರು ಹಾಕುತ್ತ ಬಡಿಸಿದ ಎಲೆ ಅದು, ಪ್ರತಿ ವರ್ಷ ಕಾಗೆ ಮುಟ್ಟಿದರೆ ಸಾಕು ಎಂದು ಕಾಯುತ್ತಿದ್ದೆವು. ತಿಮ್ಮಿ ಕೊನೆಯ ಅಗುಳಿನವರೆಗೂ ಉಂಡಳು. ದುರ್ಗಾಳನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು, ಅದನ್ನೂ ಉಂಡಳು. ಎಲೆಯನ್ನು ತಾನೇ ಮಡಚಿದಳು.

"ಬರೋ ವರ್ಷದಿಂದ ನನಗ ಇಲ್ಲಿ ಹಾಕಬ್ಯಾಡ್ರಿ" ಎಂದಳು. "ಅಲ್ಲಿ, ನಿಮ್ಮ ಪಂಕ್ತ್ಯಾಗ ಹಾಕ್ರಿ."

ಇಂತಿ ನಿನ್ನ ಸೋದರಮಾವ,
ಬೂದೆಪ್ಪ